ಹೆಸರು ಬೇಡ, ಮನೆಹೆಸರೂ ಬೇಡ: ಕೊಡಗಿನ ಕಾಲೇಜಿನಲ್ಲಿ ಎಚ್‌ಐವಿ ಸಮೀಕ್ಷೆ ನಡೆಸುವ ಬಗೆ

ಪ್ರತಿ ವರ್ಷ ಡಿಸೆಂಬರ್ 1ರಂದು ನಮ್ಮ ಕಾಲೇಜುಗಳಲ್ಲಿ ವಿಶ್ವ ಏಡ್ಸ್ ದಿನ ನಡೆಯುತ್ತದೆ. ಜಾಥಾ ಹೊರಡುತ್ತದೆ, ಎದೆಗೆ ಕೆಂಪು ರಿಬ್ಬನ್ ಚುಚ್ಚಿಕೊಳ್ಳುತ್ತಾರೆ, ಭಿತ್ತಿಪತ್ರ ಸ್ಪರ್ಧೆಗೆ ಬಹುಮಾನ ಹಂಚುತ್ತಾರೆ. ಇವೆಲ್ಲ ನಡೆಯಲಿ. ಆದರೆ ಆ ಜಾಥಾದಲ್ಲಿ ಘೋಷಣೆ ಕೂಗಿದವರಿಗೆ ಎಚ್‌ಐವಿ ಬಗ್ಗೆ ನಿಜವಾಗಿ ಏನು ಗೊತ್ತಿದೆ? ಎಚ್‌ಐವಿ ಇರುವ ಸಹಪಾಠಿಯ ಪಕ್ಕದಲ್ಲಿ ಅವರು ಊಟಕ್ಕೆ ಕೂರುತ್ತಾರೆಯೇ? ತಮಗೇ ಅನುಮಾನ ಬಂದರೆ ಪರೀಕ್ಷೆಗೆ ಎಲ್ಲಿಗೆ ಹೋಗುತ್ತಾರೆ? ಇದನ್ನು ಕೂತು ಕೇಳಿದ ಕಾಲೇಜುಗಳನ್ನು ನಾನು ಕಂಡದ್ದು ಕಡಿಮೆ.

ಕೇಳುವುದು ಕಷ್ಟವಲ್ಲ. ರೆಡ್ ರಿಬ್ಬನ್ ಕ್ಲಬ್ (ಕಾಲೇಜಿನಲ್ಲಿ ಎಚ್‌ಐವಿ ಜಾಗೃತಿ ಮೂಡಿಸುವ ವಿದ್ಯಾರ್ಥಿ ಸಂಘ), ಎನ್‌ಎಸ್‌ಎಸ್ ಘಟಕ ಅಥವಾ ಸಮಾಜಕಾರ್ಯ ವಿಭಾಗದ ಎಂಟು ಹತ್ತು ವಿದ್ಯಾರ್ಥಿಗಳು, ಒಬ್ಬ ಆಸಕ್ತ ಉಪನ್ಯಾಸಕರು, ಒಂದಷ್ಟು ಕಾಗದ, ಅಂಗಡಿಯಲ್ಲಿ ಸಿಗುವ ಖಾಲಿ ರಟ್ಟಿನ ಡಬ್ಬಗಳು ಇದ್ದರೆ ಸಾಕು. ಕಷ್ಟವಿರುವುದು ನಿಜವಾದ ಉತ್ತರ ಪಡೆಯುವುದರಲ್ಲಿ. ಅದಕ್ಕೆ ಕೊಡಗಿನಲ್ಲಿ ಒಂದು ವಿಶೇಷ ಕಾರಣವಿದೆ. ಇಲ್ಲಿ ಹೊಸಬರನ್ನು ಕಂಡೊಡನೆ ಕೇಳುವ ಮೊದಲ ಪ್ರಶ್ನೆಯೇ ‘ಯಾವ ಮನೆಯವರು?’ ಎಂಬುದು. ಮನೆಹೆಸರು ಹೇಳಿದರೆ ಊರು, ತಂದೆ, ತೋಟ, ನೆಂಟಸ್ತಿಕೆ ಎಲ್ಲ ಗೊತ್ತಾಗುತ್ತದೆ. ಆಸ್ಪತ್ರೆಯ ಚೀಟಿ ಕೊಡುವವರು ದೂರದ ಬಂಧುವಾಗಿರುತ್ತಾರೆ, ಔಷಧಿ ಅಂಗಡಿಯವರು ಅಣ್ಣನ ಗೆಳೆಯರಾಗಿರುತ್ತಾರೆ. ಇಂಥ ಕಡೆ ಗುಟ್ಟು ಉಳಿಯುತ್ತದೆಂಬ ಭರವಸೆ ಮೂಡದಿದ್ದರೆ ವಿದ್ಯಾರ್ಥಿಗಳು ಪುಸ್ತಕದ ಉತ್ತರ ಬರೆದುಕೊಟ್ಟು ಎದ್ದು ಹೋಗುತ್ತಾರೆ. ಆದ್ದರಿಂದ ಈ ಲೇಖನದಲ್ಲಿ ಹೇಳುವ ಪ್ರತಿ ಹಂತವೂ ಒಂದೇ ವಿಷಯದ ಸುತ್ತ ಇದೆ: ಉತ್ತರ ಕೊಟ್ಟವರು ಯಾರೆಂದು ಯಾರಿಗೂ, ಸಮೀಕ್ಷೆ ಮಾಡಿದ ನಿಮಗೂ, ಗೊತ್ತಾಗಬಾರದು.

ಹಂತ 1: ಏನು ತಿಳಿಯಬೇಕೆಂದು ನಿರ್ಧರಿಸಿ

ಇಂಥ ಸಮೀಕ್ಷೆಗೆ ಮೂರು ಭಾಗಗಳಿರುತ್ತವೆ: ತಿಳಿವಳಿಕೆ, ಧೋರಣೆ, ನಡವಳಿಕೆ. ತಿಳಿದರೆ ಧೋರಣೆ ಬದಲಾಗುತ್ತದೆ, ಧೋರಣೆ ಬದಲಾದರೆ ನಡವಳಿಕೆ ಸರಿಯಾಗುತ್ತದೆ ಎಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ಹಾಗೆ ಆಗುವುದಿಲ್ಲ. ಹರಡುವ ನಾಲ್ಕು ದಾರಿಗಳನ್ನು ತಪ್ಪಿಲ್ಲದೆ ಬರೆಯುವ ವಿದ್ಯಾರ್ಥಿಯೇ ‘ಅಂಥವರನ್ನು ಹಾಸ್ಟೆಲ್‌ನಲ್ಲಿ ಬೇರೆ ಕೋಣೆಯಲ್ಲಿಡಬೇಕು’ ಎಂದು ಮುಂದಿನ ಪುಟದಲ್ಲಿ ಗುರುತು ಹಾಕಬಹುದು. ಆ ಬಿರುಕು ಎಲ್ಲಿದೆಯೆಂದು ಹುಡುಕುವುದೇ ಸಮೀಕ್ಷೆಯ ಕೆಲಸ.

ಪ್ರಶ್ನೆ ಬರೆಯುವ ಮೊದಲೇ, ಪ್ರತಿ ಪ್ರಶ್ನೆಯ ಮುಂದೆ ‘ಇದಕ್ಕೆ ಬರುವ ಉತ್ತರದಿಂದ ನಾವು ಏನು ಮಾಡುತ್ತೇವೆ?’ ಎಂದು ಬರೆದುಕೊಳ್ಳಿ. ಏನೂ ಮಾಡುವುದಿಲ್ಲವೆಂದಾದರೆ ಆ ಪ್ರಶ್ನೆಯನ್ನು ತೆಗೆದುಹಾಕಿ. ಬರೀ ಕುತೂಹಲಕ್ಕಾಗಿ ಯಾರ ಖಾಸಗಿ ಬದುಕನ್ನೂ ಕೆದಕಬಾರದು.

ಹಂತ 2: ಅನುಮತಿ ಮತ್ತು ವಯಸ್ಸು

ಪ್ರಾಂಶುಪಾಲರಿಂದ ಲಿಖಿತ ಅನುಮತಿ ಪಡೆಯಿರಿ. ವೈದ್ಯಕೀಯ, ದಂತ ವೈದ್ಯಕೀಯ ಕಾಲೇಜಿನವರಾದರೆ ಅಥವಾ ಇದನ್ನು ಪ್ರಬಂಧವಾಗಿ ಸಲ್ಲಿಸುವುದಿದ್ದರೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು. ಜಿಲ್ಲಾ ಏಡ್ಸ್ ತಡೆಗಟ್ಟುವಿಕೆ ಮತ್ತು ನಿಯಂತ್ರಣ ಘಟಕಕ್ಕೂ ಒಂದು ಪತ್ರ ಬರೆದು, ಸಮೀಕ್ಷೆಯ ದಿನ ಒಬ್ಬ ಆಪ್ತ ಸಮಾಲೋಚಕರನ್ನು ಕಳುಹಿಸಿಕೊಡಲು ಕೇಳಿ. ಪ್ರಶ್ನೆಗಳನ್ನು ಓದುತ್ತಾ ಯಾರಿಗಾದರೂ ಮನಸ್ಸು ಕಲಕಬಹುದು. ಆ ಹೊತ್ತಿನಲ್ಲಿ ಮಾತಾಡಲು ತರಬೇತಿ ಪಡೆದವರು ಅಲ್ಲೇ ಇರಬೇಕು.

ಪದವಿಯ ಮೊದಲ ವರ್ಷದಲ್ಲಿ ಹದಿನೇಳು ವರ್ಷದವರು ಇರುತ್ತಾರೆ. 18 ತುಂಬದವರಿಗೆ ಪೋಷಕರ ಒಪ್ಪಿಗೆ ಬೇಕು. ಅಷ್ಟೇ ಅಲ್ಲ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18ರೊಳಗಿನವರೊಂದಿಗಿನ ಲೈಂಗಿಕ ಸಂಪರ್ಕದ ವಿಷಯ ತಿಳಿದವರು ಅದನ್ನು ವರದಿ ಮಾಡಲೇಬೇಕಾಗುತ್ತದೆ. ಗುಟ್ಟು ಕಾಯುತ್ತೇವೆಂದು ಮಾತು ಕೊಟ್ಟು ಆಮೇಲೆ ಇಕ್ಕಟ್ಟಿಗೆ ಸಿಲುಕುವುದಕ್ಕಿಂತ, ನಡವಳಿಕೆಯ ಭಾಗವನ್ನು 18 ತುಂಬಿದವರಿಗೆ ಮಾತ್ರ ಇಡುವುದು ಸರಿಯಾದ ದಾರಿ.

ಇನ್ನೊಂದು ಗೆರೆಯನ್ನು ಎಂದಿಗೂ ದಾಟಬೇಡಿ. ‘ನಿಮಗೆ ಎಚ್‌ಐವಿ ಇದೆಯೇ?’ ಎಂಬ ಪ್ರಶ್ನೆ ಯಾವ ರೂಪದಲ್ಲೂ ಬೇಡ. ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ, 2017 ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ತನ್ನ ಸ್ಥಿತಿಯನ್ನು ಹೇಳುವಂತೆ ಯಾರನ್ನೂ ಬಲವಂತಪಡಿಸಲಾಗದು ಎಂದು ಅದು ಹೇಳುತ್ತದೆ. ‘ಪರೀಕ್ಷೆ ಮಾಡಿಸಿಕೊಂಡಿದ್ದೀರಾ?’ ಎಂದು ಕೇಳಬಹುದು, ಫಲಿತಾಂಶವನ್ನು ಕೇಳಬಾರದು.

ಹಂತ 3: ಎಷ್ಟು ಜನ, ಯಾರು

ಕಾಲೇಜಿನಲ್ಲಿ ಇನ್ನೂರರೊಳಗೆ ವಿದ್ಯಾರ್ಥಿಗಳಿದ್ದರೆ ಎಲ್ಲರನ್ನೂ ಕೇಳಿ, ಲೆಕ್ಕಾಚಾರವೇ ಬೇಡ. ಹೆಚ್ಚಿದ್ದರೆ ಮಾದರಿ ಆಯ್ದುಕೊಳ್ಳಬೇಕು. ಉದಾಹರಣೆಗೆ 600 ವಿದ್ಯಾರ್ಥಿಗಳಿರುವ ಕಾಲೇಜಿನಲ್ಲಿ, ಫಲಿತಾಂಶ ಶೇಕಡಾ 5ರಷ್ಟು ಆಚೀಚೆ ಆಗಬಹುದೆಂದು ಒಪ್ಪಿಕೊಂಡರೆ ಸುಮಾರು 235 ಜನ ಬೇಕು. ಶೇಕಡಾ 10ರಷ್ಟು ಆಚೀಚೆಯಾದರೂ ಪರವಾಗಿಲ್ಲವೆಂದರೆ 83 ಜನ ಸಾಕು. ಕ್ಲಬ್‌ನ ಮೊದಲ ಪ್ರಯತ್ನಕ್ಕೆ ಎರಡನೆಯದೇ ಒಳ್ಳೆಯದು. ಕೆಲಸ ಅಚ್ಚುಕಟ್ಟಾಗಿ ಮುಗಿಯುತ್ತದೆ.

ಆಯ್ಕೆ ಚೀಟಿ ಎತ್ತಿ ಆಗಬೇಕು. ‘ಬರುವವರು ಬನ್ನಿ’ ಎಂದು ಕರೆದರೆ ಕ್ಲಬ್‌ನ ಸದಸ್ಯರೂ ಅವರ ಸ್ನೇಹಿತರೂ ಬರುತ್ತಾರೆ. ಅವರಿಗೆ ಈಗಾಗಲೇ ಎಲ್ಲ ಗೊತ್ತಿರುತ್ತದೆ. ಕಲಾ, ವಾಣಿಜ್ಯ, ವಿಜ್ಞಾನ ವಿಭಾಗಗಳಿಂದ ಅವುಗಳ ಸಂಖ್ಯೆಗೆ ತಕ್ಕಂತೆ ತೆಗೆದುಕೊಳ್ಳಿ. ಹಾಸ್ಟೆಲ್‌ನಲ್ಲಿರುವವರು, ಸೋಮವಾರಪೇಟೆ ಅಥವಾ ನಾಪೋಕ್ಲು ಕಡೆಯಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುವವರು ಇಬ್ಬರೂ ಇರಲಿ. ಆಯ್ಕೆಗೆ ಬಳಸಿದ ಪಟ್ಟಿ ಉತ್ತರ ಪತ್ರಿಕೆಗಳ ಜತೆ ಎಂದೂ ಸೇರಬಾರದು.

ಪತ್ರಿಕೆಯ ತಲೆಯಲ್ಲಿ ಏನು ಕೇಳುತ್ತೀರಿ ಎಂಬುದರಲ್ಲಿ ಎಚ್ಚರ ಬೇಕು. ಊರು, ಜಾತಿ, ತರಗತಿ, ಲಿಂಗ ನಾಲ್ಕನ್ನೂ ಕೇಳಿದರೆ ಹೆಸರು ಕೇಳಿದಂತೆಯೇ. ಒಂದು ತರಗತಿಯಲ್ಲಿ ಜೇನುಕುರುಬ ಅಥವಾ ಯರವ ಸಮುದಾಯದ ಒಬ್ಬಳೇ ಹುಡುಗಿ ಇದ್ದರೆ, ಆ ಒಂದು ಗುರುತಿನಲ್ಲಿ ಅವಳ ಇಡೀ ಪತ್ರಿಕೆ ಬಯಲಾಗುತ್ತದೆ. ಲಿಂಗ, ಪದವಿಯ ವರ್ಷ, ಹಾಸ್ಟೆಲ್ ಅಥವಾ ಮನೆ ಈ ಮೂರು ಸಾಕು. ಲಿಂಗ ಹೇಳಲು ಇಷ್ಟವಿಲ್ಲದವರಿಗೆ ಒಂದು ಚೌಕ ಬಿಡಿ.

ಹಂತ 4: ತಿಳಿವಳಿಕೆಯ ಪ್ರಶ್ನೆಗಳು

ಇಲ್ಲಿ ಹೊಸದಾಗಿ ಯೋಚಿಸಬೇಕಾಗಿಲ್ಲ. ಲೋಕದಾದ್ಯಂತ ಬಳಕೆಯಲ್ಲಿರುವ ಐದು ಪ್ರಶ್ನೆಗಳಿವೆ, ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಅವನ್ನೇ ಆಧರಿಸಿದೆ. ಪ್ರತಿ ಸಲ ಕಾಂಡೋಮ್ ಬಳಸಿದರೆ ಸೋಂಕಿನ ಅಪಾಯ ಕಡಿಮೆಯಾಗುತ್ತದೆಯೇ? ಸೋಂಕಿಲ್ಲದ, ಬೇರೆ ಸಂಬಂಧವಿಲ್ಲದ ಒಬ್ಬರೇ ಸಂಗಾತಿಯಿದ್ದರೆ ಅಪಾಯ ಕಡಿಮೆಯೇ? ನೋಡಲು ಆರೋಗ್ಯವಾಗಿರುವವರಲ್ಲಿ ಎಚ್‌ಐವಿ ಇರಬಹುದೇ? ಸೊಳ್ಳೆ ಕಡಿತದಿಂದ ಬರುತ್ತದೆಯೇ? ಸೋಂಕಿತರೊಂದಿಗೆ ಊಟ ಹಂಚಿಕೊಂಡರೆ ಬರುತ್ತದೆಯೇ? ಐದಕ್ಕೂ ಸರಿಯುತ್ತರ ಕೊಟ್ಟವರಿಗೆ ಮಾತ್ರ ‘ಸಮಗ್ರ ತಿಳಿವಳಿಕೆ’ ಇದೆಯೆಂದು ಲೆಕ್ಕ.

2019–21ರಲ್ಲಿ ನಡೆದ ಐದನೇ ರಾಷ್ಟ್ರೀಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 21.6, ಪುರುಷರಲ್ಲಿ ಶೇಕಡಾ 30.7 ಮಂದಿಗೆ ಮಾತ್ರ ಈ ಸಮಗ್ರ ತಿಳಿವಳಿಕೆ ಇತ್ತು. ‘ಏಡ್ಸ್ ಬಗ್ಗೆ ಎಲ್ಲರಿಗೂ ಗೊತ್ತು, ಇನ್ನೂ ಅದನ್ನೇ ಹೇಳುವುದೇಕೆ?’ ಎನ್ನುವವರ ಮುಂದೆ ಈ ಎರಡು ಅಂಕಿಗಳನ್ನು ಇಡಿ. ಅದೇ ಐದು ಪ್ರಶ್ನೆ ಬಳಸಿದರೆ ನಿಮ್ಮ ಕಾಲೇಜಿನ ಸಂಖ್ಯೆಯನ್ನು ದೇಶದ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಲೂ ಸಾಧ್ಯ.

ಇವುಗಳ ಜತೆಗೆ ವಿದ್ಯಾರ್ಥಿಗಳ ದಿನಬಳಕೆಗೆ ಬೇಕಾದವನ್ನು ಸೇರಿಸಿ: ಎಚ್‌ಐವಿಗೂ ಏಡ್ಸ್‌ಗೂ ಇರುವ ವ್ಯತ್ಯಾಸ, ಪರೀಕ್ಷೆ ಎಲ್ಲಿ ಉಚಿತ, ಅಪಾಯದ ಘಟನೆಯಾದ ಎಷ್ಟು ಗಂಟೆಯೊಳಗೆ ತಡೆ ಔಷಧಿ ಶುರುವಾಗಬೇಕು, ಚಿಕಿತ್ಸೆಯಲ್ಲಿರುವ ತಾಯಿಗೆ ಸೋಂಕಿಲ್ಲದ ಮಗು ಹುಟ್ಟಬಹುದೇ, ರಕ್ತದಾನ ಮಾಡಿದರೆ ಎಚ್‌ಐವಿ ಬರುತ್ತದೆಯೇ. ಎಲ್ಲದಕ್ಕೂ ‘ಸರಿ’, ‘ತಪ್ಪು’, ‘ಗೊತ್ತಿಲ್ಲ’ ಎಂಬ ಮೂರು ಚೌಕಗಳಿರಲಿ. ‘ಗೊತ್ತಿಲ್ಲ’ ಇಲ್ಲದಿದ್ದರೆ ಊಹೆಯ ಉತ್ತರಗಳು ತಿಳಿವಳಿಕೆಯ ವೇಷ ಹಾಕಿಕೊಂಡು ಬರುತ್ತವೆ.

ಬರೆದು ಉತ್ತರಿಸುವ ಪ್ರಶ್ನೆ ಒಂದೂ ಬೇಡ. ನಮ್ಮ ಕಾಲೇಜುಗಳಲ್ಲಿ ಕೈಬರಹ ನೋಡಿ ವಿದ್ಯಾರ್ಥಿಯ ಹೆಸರು ಹೇಳಬಲ್ಲ ಉಪನ್ಯಾಸಕರಿದ್ದಾರೆ. ಗುರುತು ಹಾಕಲು ಎಲ್ಲರಿಗೂ ಒಂದೇ ಬಗೆಯ ಪೆನ್ನು ನೀವೇ ಕೊಡಿ.

ಹಂತ 5: ಧೋರಣೆ

‘ಎಚ್‌ಐವಿ ಇರುವವರನ್ನು ಪ್ರೀತಿಯಿಂದ ಕಾಣಬೇಕೇ?’ ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ಆ ಉತ್ತರದಿಂದ ಏನೂ ತಿಳಿಯುವುದಿಲ್ಲ. ಮನಸ್ಸಿನ ಒಳಗಿರುವುದು ಹೊರಬರಬೇಕಾದರೆ ಸನ್ನಿವೇಶ ಕೊಟ್ಟು ಕೇಳಬೇಕು. ಸನ್ನಿವೇಶ ಅವರ ಬದುಕಿನದೇ ಆಗಿರಬೇಕು.

ಒಂದಿಷ್ಟು ಹೀಗಿರಬಹುದು. ಸಂತೆಯಲ್ಲಿ ತರಕಾರಿ ಮಾರುವವರಿಗೆ ಎಚ್‌ಐವಿ ಇದೆಯೆಂದು ಗೊತ್ತಾದರೆ ನೀವು ಅವರಿಂದ ಕೊಳ್ಳುತ್ತೀರಾ? ಹಾಸ್ಟೆಲ್‌ನಲ್ಲಿ ನಿಮ್ಮ ಕೋಣೆಯ ಗೆಳತಿಗೆ ಎಚ್‌ಐವಿ ಇದೆಯೆಂದು ತಿಳಿದರೆ ಕೋಣೆ ಬದಲಿಸಲು ವಾರ್ಡನ್‌ರನ್ನು ಕೇಳುತ್ತೀರಾ? ಕಾಲೇಜಿನ ಹಾಕಿ ತಂಡದಲ್ಲಿ ಎಚ್‌ಐವಿ ಇರುವ ಆಟಗಾರ ಇರಬಹುದೇ? ಎಚ್‌ಐವಿ ಇರುವ ಉಪನ್ಯಾಸಕರು ಪಾಠ ಮುಂದುವರಿಸಬೇಕೇ? ನಿಮ್ಮ ತೋಟದ ಲೈನ್ ಮನೆಯಲ್ಲಿರುವ ಕಾರ್ಮಿಕರೊಬ್ಬರಿಗೆ ಎಚ್‌ಐವಿ ಇದ್ದರೆ ಅವರನ್ನು ಕೆಲಸದಲ್ಲಿ ಉಳಿಸಿಕೊಳ್ಳಬೇಕೇ? ಮನೆಯ ಹತ್ತಿರದವರೊಬ್ಬರಿಗೆ ಸೋಂಕು ತಗುಲಿದರೆ ಅದನ್ನು ಗುಟ್ಟಾಗಿಡಬೇಕೆನ್ನುತ್ತೀರಾ?

ಲೈನ್ ಮನೆಯ ಪ್ರಶ್ನೆಯನ್ನು ಬಿಡಬೇಡಿ. ಕಾಫಿ ಕುಯ್ಲಿಗೆ ಹೊರರಾಜ್ಯಗಳಿಂದ ಬರುವವರ ಮೇಲೆ ‘ಇವರೇ ರೋಗ ತರುವವರು’ ಎಂಬ ಆರೋಪ ಸಲೀಸಾಗಿ ಬೀಳುತ್ತದೆ. ವೈರಾಣು ಊರು, ಭಾಷೆ, ಕೂಲಿ ನೋಡಿ ಬರುವುದಿಲ್ಲ. ರೋಗ ಯಾವಾಗಲೂ ‘ಬೇರೆಯವರದು’ ಎಂದುಕೊಂಡ ವಿದ್ಯಾರ್ಥಿ ತನ್ನ ಅಪಾಯವನ್ನು ನೋಡುವುದೇ ಇಲ್ಲ. ಅದೇ ಕಾರಣಕ್ಕೆ ‘ಎಚ್‌ಐವಿ ಬರುವುದು ಕೆಟ್ಟ ನಡತೆಯವರಿಗೆ ಮಾತ್ರ’ ಎಂಬ ವಾಕ್ಯವನ್ನೂ ಇಟ್ಟು, ಒಪ್ಪುತ್ತೀರಾ ಎಂದು ಕೇಳಿ. ನನ್ನ ಮಟ್ಟಿಗೆ ಇಡೀ ಪತ್ರಿಕೆಯಲ್ಲಿ ಹೆಚ್ಚು ಹೇಳುವ ಪ್ರಶ್ನೆ ಇದು.

ಪ್ರಶ್ನೆಯ ಭಾಷೆಯಲ್ಲೇ ತೀರ್ಪು ಅಡಗಿರಬಾರದು. ‘ಮಹಾಮಾರಿ’, ‘ಏಡ್ಸ್ ರೋಗಿ’, ‘ಬಲಿಪಶು’ ಮುಂತಾದ ಮಾತುಗಳನ್ನು ಕೈಬಿಟ್ಟು ‘ಎಚ್‌ಐವಿಯೊಂದಿಗೆ ಬದುಕುತ್ತಿರುವವರು’ ಎಂದು ಬರೆಯಿರಿ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಬ್ಯಾರಿ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಜಿಲ್ಲೆ ಇದು. ಕನ್ನಡದ ಜತೆ ಇಂಗ್ಲಿಷ್ ಪ್ರತಿಯೂ ಇರಲಿ. ಪಕ್ಕದ ಕಾಲೇಜಿನ ಹತ್ತು ಹದಿನೈದು ವಿದ್ಯಾರ್ಥಿಗಳಿಗೆ ಮೊದಲೇ ಕೊಟ್ಟು ನೋಡಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಪ್ಪು ಪ್ರಶ್ನೆಯದು.

ಹಂತ 6: ನಡವಳಿಕೆಗೆ ಮತಗಟ್ಟೆ ವಿಧಾನ

ಲೈಂಗಿಕ ಸಂಪರ್ಕ, ಕಾಂಡೋಮ್, ಚುಚ್ಚುಮದ್ದಿನ ಮೂಲಕ ಮಾದಕ ವಸ್ತು, ಕುಡಿತ: ಇವನ್ನು ಕಾಗದದ ಮೇಲೆ ಕೇಳಿದರೂ ಸುಳ್ಳು ಬರುತ್ತದೆ, ಎದುರು ಕೂರಿಸಿ ಕೇಳಿದರಂತೂ ಇನ್ನೂ ಹೆಚ್ಚು. ಇದಕ್ಕೆ ಕರ್ನಾಟಕದ ಎಚ್‌ಐವಿ ಕಾರ್ಯಕ್ರಮಗಳಲ್ಲಿ ಬಳಸಿ ನೋಡಿದ ಒಂದು ಉಪಾಯವಿದೆ. ಅದು ಮತಗಟ್ಟೆ ಸಮೀಕ್ಷೆ. ಚುನಾವಣೆಯಲ್ಲಿ ಮತ ಹಾಕುವ ರೀತಿಯಲ್ಲೇ ನಡೆಯುವುದರಿಂದ ಈ ಹೆಸರು.

ಹತ್ತರಿಂದ ಹನ್ನೆರಡು ಜನರ ಗುಂಪು ಮಾಡಿ. ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ. ದೊಡ್ಡ ಕೋಣೆಯಲ್ಲಿ ಕುರ್ಚಿಗಳನ್ನು ದೂರ ದೂರ ಹಾಕಿ, ಪ್ರತಿಯೊಬ್ಬರ ಮುಂದೆ ಮೇಜಿನ ಮೇಲೆ ಒಂದು ಕಡೆ ತೆರೆದ ದೊಡ್ಡ ರಟ್ಟಿನ ಡಬ್ಬ ನಿಲ್ಲಿಸಿ. ಅದೇ ಮರೆ. ಮರೆಯೊಳಗೆ ಮೂರು ಪುಟ್ಟ ಪೆಟ್ಟಿಗೆಗಳು: ಹಸಿರು ‘ಹೌದು’, ಕೆಂಪು ‘ಇಲ್ಲ’, ಬಿಳಿ ‘ನನಗೆ ಅನ್ವಯಿಸುವುದಿಲ್ಲ’. ಪ್ರತಿಯೊಬ್ಬರ ಕೈಗೆ 1, 2, 3 ಎಂದು ಸಂಖ್ಯೆ ಬರೆದ ಕಾರ್ಡುಗಳ ಒಂದು ಕಟ್ಟು. ಎಷ್ಟು ಪ್ರಶ್ನೆಯೋ ಅಷ್ಟು ಕಾರ್ಡು. ಕಾರ್ಡಿನ ಮೇಲೆ ಸಂಖ್ಯೆ ಬಿಟ್ಟು ಇನ್ನೇನೂ ಇರಬಾರದು.

ಸಮೀಕ್ಷಕರು ಮೊದಲ ಪ್ರಶ್ನೆಯನ್ನು ನಿಧಾನವಾಗಿ ಎರಡು ಸಲ ಓದುತ್ತಾರೆ. ಎಲ್ಲರೂ 1ನೇ ಕಾರ್ಡನ್ನು ತಮ್ಮ ಉತ್ತರದ ಪೆಟ್ಟಿಗೆಗೆ ಹಾಕುತ್ತಾರೆ. ಯಾರೂ ಕಾರ್ಡು ಹಾಕದೆ ಬಿಡಬಾರದು, ಅದಕ್ಕೆಂದೇ ಬಿಳಿ ಪೆಟ್ಟಿಗೆ ಇರುವುದು. ಹುಡುಗಿಯರ ಗುಂಪಿಗೆ ಹೆಣ್ಣುಮಗಳೇ ಪ್ರಶ್ನೆ ಓದಲಿ, ಹುಡುಗರ ಗುಂಪಿಗೆ ಹುಡುಗ. ತರಗತಿಯ ಉಪನ್ಯಾಸಕರು ಕೋಣೆಯಲ್ಲಿ ಬೇಡವೇ ಬೇಡ. ನಿಜವಾದ ಪ್ರಶ್ನೆಗಳಿಗೆ ಮೊದಲು ‘ನೀವು ಇವತ್ತು ಬೆಳಿಗ್ಗೆ ಕಾಫಿ ಕುಡಿದಿರಾ?’ ಎಂಬಂಥ ಒಂದೆರಡು ಅಭ್ಯಾಸದ ಪ್ರಶ್ನೆ ಇಟ್ಟರೆ ಕೈ ಹಗುರಾಗುತ್ತದೆ.

ಪ್ರಶ್ನೆಗಳು ಚಿಕ್ಕದಾಗಿ, ಕಾಲ ನಿಗದಿ ಮಾಡಿ ಇರಬೇಕು. ‘ನೀವು ಯಾವಾಗಲೂ ಕಾಂಡೋಮ್ ಬಳಸುತ್ತೀರಾ?’ ಎಂದರೆ ಎಲ್ಲರೂ ತಮಗೆ ಅನುಕೂಲವಾದದ್ದನ್ನು ನೆನೆದುಕೊಳ್ಳುತ್ತಾರೆ. ‘ಕಳೆದ ಸಲ ಲೈಂಗಿಕ ಸಂಪರ್ಕವಾದಾಗ ಕಾಂಡೋಮ್ ಬಳಸಿದ್ದಿರಾ?’ ಎಂದರೆ ಉತ್ತರ ಒಂದೇ. ಇನ್ನುಳಿದವು: ಕಳೆದ 12 ತಿಂಗಳಲ್ಲಿ ಲೈಂಗಿಕ ಸಂಪರ್ಕ ಆಗಿದೆಯೇ? ಆ ಹೊತ್ತಿನಲ್ಲಿ ಕುಡಿದಿದ್ದಿರಾ? ಯಾರಾದರೂ ನಿಮ್ಮನ್ನು ಬಲವಂತಪಡಿಸಿದ್ದಾರೆಯೇ? ಇನ್ನೊಬ್ಬರು ಬಳಸಿದ ಸೂಜಿಯಿಂದ ಏನನ್ನಾದರೂ ಚುಚ್ಚಿಕೊಂಡಿದ್ದೀರಾ? ಹಚ್ಚೆ ಹಾಕಿಸಿಕೊಳ್ಳುವಾಗ ಹೊಸ ಸೂಜಿ ಬಿಚ್ಚಿದ್ದನ್ನು ಕಣ್ಣಾರೆ ನೋಡಿದಿರಾ? ಎಂದಾದರೂ ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡಿದ್ದೀರಾ? ಊರಿನ ಔಷಧಿ ಅಂಗಡಿಯಲ್ಲಿ ಕಾಂಡೋಮ್ ಕೇಳಲು ಹಿಂಜರಿದಿದ್ದೀರಾ? ಈ ಕೊನೆಯ ಪ್ರಶ್ನೆ ಸಣ್ಣದೆನಿಸಬಹುದು. ಆದರೆ ಎಲ್ಲರೂ ಎಲ್ಲರಿಗೂ ಪರಿಚಯವಿರುವ ಪೇಟೆಯಲ್ಲಿ ತಿಳಿವಳಿಕೆ ಸೋಲುವುದು ಹೆಚ್ಚಾಗಿ ಅಂಗಡಿಯ ಕಟ್ಟೆಯ ಮುಂದೆಯೇ. ಹತ್ತು ಹನ್ನೆರಡು ಪ್ರಶ್ನೆಗಳಾದರೆ ಸಾಕು.

ಮುಗಿದ ಮೇಲೆ ಎಲ್ಲರ ಹಸಿರು ಪೆಟ್ಟಿಗೆಗಳನ್ನು ಒಂದು ಚೀಲಕ್ಕೆ, ಕೆಂಪನ್ನು ಇನ್ನೊಂದಕ್ಕೆ, ಬಿಳಿಯನ್ನು ಮತ್ತೊಂದಕ್ಕೆ ಸುರಿಯಿರಿ. ಗುಂಪು ಗುಂಪಾಗಿ ಎಣಿಸಬೇಡಿ. ಒಂದು ಗುಂಪಿನ ಹನ್ನೆರಡೂ ಕಾರ್ಡು ಹಸಿರಿನಲ್ಲೇ ಬಿದ್ದಿದ್ದರೆ ಆ ಹನ್ನೆರಡು ಜನರ ಉತ್ತರವೂ ಗೊತ್ತಾದಂತೆ. ಎಲ್ಲ ಹುಡುಗರ ಗುಂಪುಗಳನ್ನು ಒಟ್ಟಿಗೆ, ಎಲ್ಲ ಹುಡುಗಿಯರ ಗುಂಪುಗಳನ್ನು ಒಟ್ಟಿಗೆ ಬೆರೆಸಿದ ನಂತರವೇ ಎಣಿಕೆ.

ಈ ವಿಧಾನದಲ್ಲಿ ಒಬ್ಬರ ತಿಳಿವಳಿಕೆಯನ್ನು ಅದೇ ವ್ಯಕ್ತಿಯ ನಡವಳಿಕೆಯೊಂದಿಗೆ ಹೋಲಿಸಲು ಆಗುವುದಿಲ್ಲ. ಅದು ನಷ್ಟವೇ. ಆದರೂ ಹೋಲಿಕೆಗೆ ಒದಗುವ ಸುಳ್ಳಿಗಿಂತ ಹೋಲಿಕೆಗೆ ಒದಗದ ನಿಜ ನನಗೆ ಮೇಲು.

ಹಂತ 7: ದಿನ ಗೊತ್ತು ಮಾಡುವುದು

ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಗೆ ರಜೆ ಘೋಷಣೆಯಾಗುತ್ತದೆ, ಕರೆಂಟ್ ಹೋಗುತ್ತದೆ. ಸುಗ್ಗಿ ಹಬ್ಬ ಪುತ್ತರಿಯ ನಂತರ ಕಾಫಿ ಕುಯ್ಲು ಶುರುವಾದರೆ ತೋಟದ ಮನೆಗಳ ಮಕ್ಕಳ ಹಾಜರಿ ಇಳಿಯುತ್ತದೆ. ಕೈಲ್‌ಪೊಳ್ದ್ ಹಬ್ಬ ಕಳೆದು ತುಲಾ ಸಂಕ್ರಮಣದವರೆಗಿನ ದಿನಗಳು, ಅಂದರೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ, ಅನುಕೂಲ. ಎಣಿಸಿ, ವರದಿ ಬರೆದು, ಡಿಸೆಂಬರ್ 1ರ ಕಾರ್ಯಕ್ರಮವನ್ನು ಅದರ ಆಧಾರದ ಮೇಲೆ ರೂಪಿಸಲು ಸಮಯ ಉಳಿಯುತ್ತದೆ.

ಮೊಬೈಲ್‌ನಲ್ಲಿ ತುಂಬುವ ಆನ್‌ಲೈನ್ ನಮೂನೆ ಬೇಡ. ಇಮೇಲ್ ವಿಳಾಸ ದಾಖಲಾಗುವ ಭಯ ಒಂದು, ಬಸ್ಸಿನಲ್ಲಿ ಪಕ್ಕದವರು ಇಣುಕುವ ಭಯ ಇನ್ನೊಂದು, ಹಲವು ಹಳ್ಳಿಗಳಲ್ಲಿ ಸಿಗ್ನಲ್ಲೇ ಸಿಗದಿರುವುದು ಮೂರನೆಯದು.

ಹಂತ 8: ಸರಿಯುತ್ತರ ಹೇಳಿ ಕಳುಹಿಸಿ

ಪತ್ರಿಕೆ ಪೆಟ್ಟಿಗೆಗೆ ಬಿದ್ದ ಮೇಲೆ ಅದೇ ದಿನ ಸರಿಯುತ್ತರಗಳನ್ನು ಎಲ್ಲರಿಗೂ ತಿಳಿಸಬೇಕು. ತಪ್ಪು ನಂಬಿಕೆಯನ್ನು ಅಳೆದು, ತಿದ್ದದೆ ಮನೆಗೆ ಕಳುಹಿಸುವುದು ಅನ್ಯಾಯ. ಸಮಾಲೋಚಕರು ಇದ್ದರೆ ಅವರೇ ಹೇಳಲಿ. ಇಲ್ಲದಿದ್ದರೆ ಈ ಕೆಳಗಿನದನ್ನು ಒಂದು ಪುಟದಲ್ಲಿ ಅಚ್ಚು ಹಾಕಿ ಕೊಡಿ.

ಎಚ್‌ಐವಿ ಎಂಬುದು ವೈರಾಣು. ಅದು ದೇಹದ ರೋಗನಿರೋಧಕ ವ್ಯವಸ್ಥೆಯ ಸಿಡಿ4 ಕೋಶಗಳನ್ನು ನಾಶ ಮಾಡುತ್ತದೆ. ಚಿಕಿತ್ಸೆಯಿಲ್ಲದೆ ಅವು ತೀರಾ ಕುಸಿದು ಬೇರೆ ಬೇರೆ ಸೋಂಕುಗಳು ಮುತ್ತಿಕೊಂಡ ಹಂತಕ್ಕೆ ಏಡ್ಸ್ ಎನ್ನುತ್ತಾರೆ. ಸೋಂಕು ತಗುಲಿದ ಮೇಲೆ ಎಂಟು ಹತ್ತು ವರ್ಷ ಯಾವ ಲಕ್ಷಣವೂ ಇಲ್ಲದಿರಬಹುದು. ಆದ್ದರಿಂದ ಮುಖ ನೋಡಿ ಯಾರೂ ಹೇಳಲಾರರು, ಪರೀಕ್ಷೆಯೊಂದೇ ದಾರಿ. ಹರಡುವುದು ಅಸುರಕ್ಷಿತ ಲೈಂಗಿಕ ಸಂಪರ್ಕದಿಂದ, ಹಂಚಿಕೊಂಡ ಸೂಜಿಯಿಂದ, ಸೋಂಕಿತ ರಕ್ತ ಪಡೆಯುವುದರಿಂದ, ತಾಯಿಯಿಂದ ಮಗುವಿಗೆ. ಸೊಳ್ಳೆಯಿಂದ ಹರಡುವುದಿಲ್ಲ. ಸೊಳ್ಳೆ ಕಚ್ಚುವಾಗ ದೇಹಕ್ಕೆ ಬಿಡುವುದು ತನ್ನ ಜೊಲ್ಲನ್ನು, ಹಿಂದೆ ಕುಡಿದ ರಕ್ತವನ್ನಲ್ಲ. ಅದರ ದೇಹದೊಳಗೆ ಈ ವೈರಾಣು ಬೆಳೆಯುವುದೂ ಇಲ್ಲ. ಒಂದೇ ತಟ್ಟೆಯ ಊಟ, ಅಪ್ಪುಗೆ, ಶೌಚಾಲಯ, ಕೆಮ್ಮು ಇವುಗಳಿಂದಲೂ ಇಲ್ಲ.

ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಸಮಾಲೋಚನೆ ಮತ್ತು ಪರೀಕ್ಷಾ) ಕೇಂದ್ರಗಳಲ್ಲಿ ಉಚಿತ. ಮೊದಲು ಸಮಾಲೋಚನೆ, ನಿಮ್ಮ ಒಪ್ಪಿಗೆ, ಆಮೇಲೆ ರಕ್ತ. ಮೊದಲ ಪರೀಕ್ಷೆಯಲ್ಲಿ ಸೋಂಕು ಕಂಡರೆ ಮತ್ತೆರಡು ಬಗೆಯ ಪರೀಕ್ಷೆ ಮಾಡಿ ಖಚಿತಪಡಿಸುತ್ತಾರೆ. ಸೋಂಕು ತಗುಲಿದ ಆರಂಭದ ವಾರಗಳಲ್ಲಿ ಪರೀಕ್ಷೆಗೆ ಅದು ಸಿಗದಿರಬಹುದು. ಅಪಾಯದ ಘಟನೆ ಇತ್ತೀಚಿನದಾದರೆ ಮೂರು ತಿಂಗಳ ನಂತರ ಇನ್ನೊಮ್ಮೆ ಮಾಡಿಸಬೇಕು. ಮಡಿಕೇರಿಯಲ್ಲಿ ಪರಿಚಯದವರು ಕಂಡಾರೆಂಬ ಅಳುಕಿದ್ದರೆ ಮೈಸೂರಿಗೋ ಮಂಗಳೂರಿಗೋ ಹೋಗಿ ಮಾಡಿಸಿಕೊಳ್ಳಬಹುದು. ಹಾಗೆ ಮಾಡುವುದರಲ್ಲಿ ಯಾವ ನಾಚಿಕೆಯೂ ಇಲ್ಲ. ಮಾತಾಡಿಯೇ ತಿಳಿಯಬೇಕೆಂದರೆ 1097 ಉಚಿತ ಸಹಾಯವಾಣಿ ಇದೆ.

ಕಾಂಡೋಮ್ ಹರಿದರೆ, ಅತ್ಯಾಚಾರವಾದರೆ, ಬಳಸಿದ ಸೂಜಿ ಚುಚ್ಚಿಕೊಂಡರೆ, ಸೋಂಕು ನೆಲೆಯೂರದಂತೆ ತಡೆಯುವ ಔಷಧಿ ಇದೆ. ಅದನ್ನು 72 ಗಂಟೆಯೊಳಗೆ, ಆದಷ್ಟು ಬೇಗ, ಶುರು ಮಾಡಿ 28 ದಿನ ತೆಗೆದುಕೊಳ್ಳಬೇಕು. ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಅದೇ ದಿನ ಹೋಗಬೇಕು. ಭಾಗಮಂಡಲದಿಂದಾಗಲಿ ಕುಟ್ಟದಿಂದಾಗಲಿ ಮಡಿಕೇರಿಗೆ ಬರಲು ‘ನಾಳೆ ನೋಡೋಣ’ ಎಂದು ಕಳೆಯುವ ಒಂದೊಂದು ಗಂಟೆಯೂ ಬೆಲೆಯುಳ್ಳದ್ದು.

ಇನ್ನು ಚಿಕಿತ್ಸೆ. 2004ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಔಷಧಿ ಸರ್ಕಾರದಿಂದ ಉಚಿತವಾಗಿ ಸಿಗುತ್ತಿದೆ. 2017ರಿಂದ ಸಿಡಿ4 ಸಂಖ್ಯೆ ಕುಸಿಯುವವರೆಗೆ ಕಾಯದೆ, ಸೋಂಕು ಖಚಿತವಾದ ಎಲ್ಲರಿಗೂ ಶುರು ಮಾಡುತ್ತಾರೆ. ಔಷಧಿ ಎಚ್‌ಐವಿಯನ್ನು ಪೂರ್ತಿ ಹೊರಗಟ್ಟುವುದಿಲ್ಲ. ಆದರೆ ದಿನವೂ ತಪ್ಪದೆ ತೆಗೆದುಕೊಂಡವರ ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಇಳಿಯುತ್ತದೆ. ಆ ಮಟ್ಟದಲ್ಲಿ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ದಾಟುವುದಿಲ್ಲ. ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ದಾಟುವ ಸಾಧ್ಯತೆ ಶೇಕಡಾ 15ರಿಂದ 45, ಸರಿಯಾದ ಚಿಕಿತ್ಸೆಯಿದ್ದರೆ ಶೇಕಡಾ 5ಕ್ಕಿಂತ ಕಡಿಮೆ. ಇವನ್ನು ಒತ್ತಿ ಹೇಳಿ. ತಲೆಬುರುಡೆಯ ಚಿತ್ರ ಹಾಕಿ ಹೆದರಿಸಿದ ಹಳೆಯ ಭಿತ್ತಿಪತ್ರಗಳು ಯಾರನ್ನೂ ಕಾಪಾಡಲಿಲ್ಲ, ಸೋಂಕಿತರನ್ನು ಇನ್ನಷ್ಟು ಮೂಲೆಗೆ ತಳ್ಳಿದವು. ಎಚ್‌ಐವಿಯೊಂದಿಗೆ ಓದಬಹುದು, ದುಡಿಯಬಹುದು, ಮದುವೆಯಾಗಬಹುದು, ಸೋಂಕಿಲ್ಲದ ಮಗುವನ್ನು ಹೆರಬಹುದು ಎಂದು ಗೊತ್ತಾದಾಗಲೇ ಪರೀಕ್ಷೆಗೆ ಹೋಗುವ ಧೈರ್ಯ ಬರುತ್ತದೆ.

ರಕ್ತದಾನದ ಬಗ್ಗೆಯೂ ಒಂದು ಮಾತು ಸೇರಲಿ, ಏಕೆಂದರೆ ನಮ್ಮ ಕಾಲೇಜುಗಳಲ್ಲಿ ಶಿಬಿರಗಳು ನಡೆಯುತ್ತಿರುತ್ತವೆ. ಹೊಸ ಸೂಜಿಯಿಂದ ತೆಗೆಯುವುದರಿಂದ ದಾನ ಮಾಡಿದವರಿಗೆ ಎಚ್‌ಐವಿ ಬರುವುದಿಲ್ಲ. ಆದರೆ ತಮಗೆ ಸೋಂಕಿದೆಯೇ ಎಂದು ತಿಳಿಯಲೆಂದು ರಕ್ತದಾನ ಮಾಡಬಾರದು. ಆರಂಭದ ವಾರಗಳ ಸೋಂಕು ಪರೀಕ್ಷೆಯಲ್ಲಿ ತಪ್ಪಿಸಿಕೊಂಡರೆ ಆ ರಕ್ತ ಇನ್ನೊಬ್ಬರ ದೇಹ ಸೇರುತ್ತದೆ. ಅನುಮಾನವಿದ್ದವರು ಐಸಿಟಿಸಿಗೆ ಹೋಗಲಿ.

ಹಂತ 9: ಎಣಿಕೆ

ಉತ್ತರಗಳನ್ನು ಕಂಪ್ಯೂಟರಿಗೆ ಹಾಕುವವರು ಇಬ್ಬರಿರಲಿ, ಒಬ್ಬರು ಓದಿ ಇನ್ನೊಬ್ಬರು ಹಾಕಲಿ. ಮೊದಲು ಪ್ರತಿ ಪ್ರಶ್ನೆಗೆ ಎಷ್ಟು ಸರಿ, ಎಷ್ಟು ತಪ್ಪು, ಎಷ್ಟು ‘ಗೊತ್ತಿಲ್ಲ’ ಎಂದು ಬರೆಯಿರಿ. ಸರಾಸರಿ ಅಂಕ ಮಾತ್ರ ಹೇಳಿದರೆ ವಿಷಯ ಮುಚ್ಚಿಹೋಗುತ್ತದೆ. ಹರಡುವ ದಾರಿ ಎಲ್ಲರಿಗೂ ಗೊತ್ತಿದ್ದು, 72 ಗಂಟೆಯ ವಿಷಯ ಯಾರಿಗೂ ಗೊತ್ತಿಲ್ಲದಿದ್ದರೂ ಸರಾಸರಿ ಚೆನ್ನಾಗಿಯೇ ಕಾಣುತ್ತದೆ.

ಆಮೇಲೆ ಮುಖ್ಯವಾದ ಲೆಕ್ಕ. ಐದೂ ಪ್ರಶ್ನೆಗೆ ಸರಿಯುತ್ತರ ಕೊಟ್ಟವರನ್ನು ಬೇರೆ ಮಾಡಿ, ಅವರಲ್ಲಿ ಎಷ್ಟು ಜನ ಕೋಣೆ ಬದಲಿಸಲು ಕೇಳುತ್ತೇವೆಂದರು, ಎಷ್ಟು ಜನ ಕಾರ್ಮಿಕನನ್ನು ಕೆಲಸದಿಂದ ತೆಗೆಯಬೇಕೆಂದರು ಎಂದು ನೋಡಿ. ಅವರ ಸಂಖ್ಯೆ ದೊಡ್ಡದಾಗಿದ್ದರೆ ಇನ್ನೊಂದು ಉಪನ್ಯಾಸದಿಂದ ಪ್ರಯೋಜನವಿಲ್ಲ. ಅವರಿಗೆ ಮಾಹಿತಿ ಸಾಕಷ್ಟಿದೆ. ಎಚ್‌ಐವಿಯೊಂದಿಗೆ ಬದುಕುತ್ತಿರುವ, ಮಾತಾಡಲು ತಾವಾಗಿಯೇ ಒಪ್ಪಿದ ಒಬ್ಬರೊಂದಿಗೆ ಮುಖಾಮುಖಿ ಮಾತುಕತೆ ಏರ್ಪಡಿಸುವುದು ಅಲ್ಲಿಗೆ ಬೇಕಾದ ಕೆಲಸ.

ಯಾವ ಕೋಷ್ಟಕದಲ್ಲೂ ಹತ್ತಕ್ಕಿಂತ ಕಡಿಮೆ ಜನರ ಗುಂಪಿನ ಅಂಕಿ ಕೊಡಬೇಡಿ. ‘ಅಂತಿಮ ವರ್ಷದ ಹಾಸ್ಟೆಲ್ ಹುಡುಗಿಯರಲ್ಲಿ ಇಬ್ಬರು’ ಎಂದು ಅಚ್ಚಾದರೆ ಸಂಜೆಯೊಳಗೆ ಆ ಇಬ್ಬರ ಹೆಸರು ಊಹಿಸುವವರು ಹುಟ್ಟಿಕೊಳ್ಳುತ್ತಾರೆ.

ಹಂತ 10: ವರದಿ ಮತ್ತು ಬೇಡಿಕೆ

ನಾಲ್ಕು ಪುಟ ಮೀರದ ವರದಿ ಬರೆಯಿರಿ. ಕಾಲೇಜಿಗೆ ಕೆಟ್ಟ ಹೆಸರು ಬರುತ್ತದೆಂದು ನಡವಳಿಕೆಯ ಅಂಕಿಗಳನ್ನು ಬಿಡಲು ಹೇಳುವವರು ಇರುತ್ತಾರೆ. ಒಪ್ಪಬೇಡಿ. ದೇಶದಲ್ಲಿ ಸುಮಾರು 25 ಲಕ್ಷ ಮಂದಿ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ನಮ್ಮ ಕಾಲೇಜು ಆ ದೇಶದ ಹೊರಗಿಲ್ಲ. ಬೇಕಿದ್ದರೆ ಕಾಲೇಜಿನ ಹೆಸರನ್ನೇ ಬಿಡಿ, ಅಂಕಿಯನ್ನು ಬಿಡಬೇಡಿ.

ವರದಿಯ ಕೊನೆಯ ಪುಟದಲ್ಲಿ ಬೇಡಿಕೆಗಳಿರಲಿ, ಪ್ರತಿ ಬೇಡಿಕೆಯೂ ಒಂದು ಅಂಕಿಯಿಂದ ಹುಟ್ಟಿರಲಿ. ಐಸಿಟಿಸಿ ಎಲ್ಲಿದೆಯೆಂದು ಅರ್ಧದಷ್ಟು ಜನರಿಗೆ ಗೊತ್ತಿಲ್ಲದಿದ್ದರೆ ಹತ್ತಿರದ ಕೇಂದ್ರದ ವಿಳಾಸ ಮತ್ತು 1097 ಸಂಖ್ಯೆಯನ್ನು ಶೌಚಾಲಯಗಳ ಬಾಗಿಲ ಒಳಬದಿಗೆ ಅಂಟಿಸಲು ಪ್ರಾಂಶುಪಾಲರನ್ನು ಕೇಳಿ. ಸೂಚನಾ ಫಲಕದ ಮುಂದೆ ನಿಂತು ಅದನ್ನು ಯಾರೂ ಓದುವುದಿಲ್ಲ. ಅಂಗಡಿಯಲ್ಲಿ ಕೇಳಲು ಹಿಂಜರಿಯುವವರು ಹೆಚ್ಚಿದ್ದರೆ ಕಾಂಡೋಮ್ ಪೆಟ್ಟಿಗೆಯನ್ನು ಕಾಲೇಜಿನ ಯಾವ ಮೂಲೆಯಲ್ಲಿಡಬಹುದೆಂದು ಆರೋಗ್ಯ ಇಲಾಖೆಯೊಂದಿಗೆ ಮಾತಾಡಿ. ಬಲವಂತದ ಪ್ರಶ್ನೆಗೆ ಹಸಿರು ಕಾರ್ಡುಗಳು ಬಿದ್ದಿದ್ದರೆ, ಎಷ್ಟೇ ಕಡಿಮೆಯಿರಲಿ, ಅದನ್ನು ಮೊದಲ ಬೇಡಿಕೆಯಾಗಿ ಬರೆದು ಕಾಲೇಜಿನ ಆಂತರಿಕ ದೂರು ಸಮಿತಿಗೆ ಕೊಡಿ. ಅಲ್ಲಿಯೂ ಸಂಖ್ಯೆ ಹೇಳಬೇಕಿಲ್ಲ, ‘ಇದೆ’ ಎಂದರೆ ಸಾಕು.

ಒಂದು ಪ್ರತಿ ಜಿಲ್ಲಾ ಘಟಕಕ್ಕೆ ಹೋಗಲಿ. ಜತೆಗೆ ಒಬ್ಬ ಸಮಾಲೋಚಕರು ತಿಂಗಳಿಗೊಮ್ಮೆ, ನಿಗದಿತ ದಿನ, ಕಾಲೇಜಿಗೆ ಬಂದು ಕೂರಲೆಂಬ ಮನವಿಯೂ ಇರಲಿ. ಅವರಿಗೆ ಕೊಡುವ ಕೋಣೆಯ ಬಾಗಿಲಿನ ಮೇಲೆ ‘ಎಚ್‌ಐವಿ’ ಎಂದು ಬರೆಯದೆ ‘ಆರೋಗ್ಯ ಸಮಾಲೋಚನೆ’ ಎಂದು ಬರೆಯಿರಿ. ಇಲ್ಲದಿದ್ದರೆ ಆ ಬಾಗಿಲ ಬಳಿಗೂ ಯಾರೂ ಸುಳಿಯುವುದಿಲ್ಲ. ತುಂಬಿದ ಪತ್ರಿಕೆಗಳನ್ನು ಎಣಿಕೆ ತಾಳೆಯಾದ ಮೇಲೆ ಕ್ಲಬ್‌ನ ಇಬ್ಬರ ಸಮ್ಮುಖದಲ್ಲಿ ಸುಟ್ಟುಹಾಕಿ, ಖಾಲಿ ಪ್ರಶ್ನೆಪತ್ರಿಕೆ ಮತ್ತು ಕಾರ್ಡುಗಳನ್ನು ಮುಂದಿನ ವರ್ಷದ ತಂಡಕ್ಕೆ ಎತ್ತಿಡಿ. ಅವರು ಒಂದು ಪದವನ್ನೂ ಬದಲಿಸದೆ ಅದೇ ಪ್ರಶ್ನೆಗಳನ್ನು ಕೇಳಿದರೆ ಮಾತ್ರ ಎರಡು ವರ್ಷಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಬರುತ್ತದೆ.